ಹಿಂಚಕ್ರಕ್ಕೆ ಸ್ವಾತಂತ್ರ್ಯ, ಐದು ಬಗೆ ಅನ್ನಕ್ಕೆ ಗಂಡಾಂತರ

"ಇನ್ನು ಮೇಲೆ ನನ್ನ ಜೀಪಿನ ಹಿಂದಿನ ಚಕ್ರಗಳಿಗೆ ಸಂಪೂರ್ಣ ಸ್ವಾತಂತ್ರ್ಯ!"

ಹಲಸೂರಿನ ತನ್ನ ಮನೆಯ ಹಜಾರದಲ್ಲಿ ನಿಂತು ಪ್ರೇಮ್‌ಕುಮಾರ್ ಹೀಗೆ ಘೋಷಿಸಿದಾಗ ಅವನ ಹೆಂಡತಿ ಧನಲಕ್ಷ್ಮಿ ಅವರೆಕಾಳು ಹಿತಕುತ್ತಾ ಕೂತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಮೊದ್ಲು ಬಚ್ಚಲುಮನೆ ಚಿಲಕಕ್ಕೆ ಸ್ವಾತಂತ್ರ್ಯ ಕೊಡ್ಸಿ. ಯುಗಾದಿಯಿಂದ ಸಿಕ್ಕಾಕೊಂಡಿದೆ."

"ಚಿಲಕ ಯಾರಾದ್ರೂ ರಿಪೇರಿ ಮಾಡ್ತಾರೆ ಧನು. ಸಸ್ಪೆನ್ಷನ್ ಟ್ರಾವೆಲ್ ಹೆಚ್ಚಿಸೋಕೆ ತಲೆ ಬೇಕು!"

"ಹೌದಾ? ಹಾಗಾದ್ರೆ ಯಾರ ಕೈಲಿ ಮಾಡಿಸ್ತೀರ?"

ಇಂಥ ಪ್ರಶ್ನೆಗಳಿಗೆ ಉತ್ತರ ಕೊಡಬಾರದು ಎಂಬುದನ್ನು ಪ್ರೇಮ್‌ಕುಮಾರ್ ಮದುವೆಯಾದ ಹೊಸದರಲ್ಲೇ ಕಲಿತಿದ್ದ. ಮರ್ಫಿ ಟೌನಿನಲ್ಲಿ ಅವನದು ಶಾಲಾ ಯೂನಿಫಾರ್ಮ್ ಅಂಗಡಿ. ವಾರದ ಆರು ದಿನ ಮಕ್ಕಳ ಸೊಂಟದ ಅಳತೆ ತೆಗೆಯುವವನು ಏಳನೆಯ ದಿನ ತನ್ನ ಹಳೆಯ ಜೀಪ್ ಹತ್ತಿ, ಭಾನುವಾರದ ಜೀಪ್ ಬಳಗದ ಜೊತೆ ಹೊಸಕೋಟೆಯಾಚೆಯ ಕಲ್ಲುಕ್ವಾರಿಗಳಿಗೆ ಹೋಗಿ ವೀರನಾಗಿ ಮರಳುತ್ತಿದ್ದ. ಹೋದ ಭಾನುವಾರ ಮಾತ್ರ ವೀರತ್ವಕ್ಕೆ ಸ್ವಲ್ಪ ಪೆಟ್ಟು ಬಿತ್ತು. ಕ್ವಾರಿಯ ಹಳ್ಳದಲ್ಲಿ ಮಿಕ್ಕವರ ಜೀಪುಗಳ ಹಿಂಚಕ್ರಗಳು ತಳ ಹುಡುಕಿಕೊಂಡು ಕೆಳಗಿಳಿದು, ನೆಲ ಕಚ್ಚಿಕೊಂಡು ದಾಟಿಹೋದವು. ಇವನ ಜೀಪ್ ಮಾತ್ರ ಕರೆಂಟು ಕಂಬ ಕಂಡ ನಾಯಿಯ ಹಾಗೆ ಒಂದು ಹಿಂಗಾಲೆತ್ತಿ ನಿಂತುಬಿಟ್ಟಿತು! ಚಕ್ರ ಗಾಳಿಯಲ್ಲಿ ಗಿರಗಿರನೆ ತಿರುಗಿತು, ಜೀಪ್ ಅಲುಗಲಿಲ್ಲ. ಬಳಗದವರು ಎಳೆದು ತೆಗೆಯುವ ಮೊದಲು ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರು. ಅದರ ಕೆಳಗೆ ಒಬ್ಬ "ಬ್ರದರ್, ರೇಬಿಸ್ ಇಂಜೆಕ್ಷನ್ ಹಾಕ್ಸಿದ್ದೀರಾ?" ಎಂದು ವಿಚಾರಿಸಿದ್ದ.

ಆವತ್ತೇ ಪ್ರತಿಜ್ಞೆಯಾಯಿತು. ಹಿಂಚಕ್ರ ಇನ್ನೂ ಒಂದಡಿ ಕೆಳಗಿಳಿಯಬೇಕು, ಬಳಗದ ಭಾಷೆಯಲ್ಲಿ ಹೇಳುವುದಾದರೆ ಟ್ರಾವೆಲ್ ಹೆಚ್ಚಬೇಕು. ಭೂಮಿ ಎಲ್ಲಿದ್ದರೂ ಅದನ್ನು ಮುಟ್ಟಬೇಕು!

ಧನಲಕ್ಷ್ಮಿಗೆ ಭೂಮಿಯ ಚಿಂತೆ ಇರಲಿಲ್ಲ. ಅವಳ ಚಿಂತೆ ತಂಗಿ ಹಂಸಳ ಸೀಮಂತದ್ದು. ಹಂಸಳನ್ನು ಕೊಟ್ಟಿದ್ದು ಕೆ.ಆರ್. ಪುರಕ್ಕೆ. ಬರುವ ಭಾನುವಾರ ಬಳೆ ತೊಡಿಸುವ ಶಾಸ್ತ್ರ. ತವರಿನಿಂದ ಐದು ಬಗೆ ಅನ್ನ ಹೋಗಬೇಕು: ಪುಳಿಯೋಗರೆ, ನಿಂಬೆಹಣ್ಣಿನ ಚಿತ್ರಾನ್ನ, ಕಾಯಿ ಅನ್ನ, ಬೆಲ್ಲದನ್ನ, ಮೊಸರನ್ನ. ತವರು ಎಂದರೆ ಈಗ ಇದೇ ಮನೆ. ಅತ್ತೆ ಮುನಿವೆಂಕಟಮ್ಮ ಮಗಳು ಅಳಿಯನ ಜೊತೆಯಲ್ಲೇ ಇದ್ದರು. ಅವರ ಮನೆತನದಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯೂ ಇತ್ತು. ಒಲೆಯಿಂದ ಇಳಿಸಿ ಬಟ್ಟೆ ಕಟ್ಟಿದ ಮೇಲೆ ಆ ಪಾತ್ರೆಗಳು ಬಸುರಿಯ ಮುಂದೆ ಹೋಗುವ ತನಕ ನೆಲ ಮುಟ್ಟಬಾರದು. ಮಣೆ ಆಗಬಹುದು, ಮಡಿಲು ಆಗಬಹುದು, ನೆಲ ಮಾತ್ರ ಕೂಡದು.

"ಕ್ಯಾಬ್ ಹೇಳಿದ್ದೀನಿ," ಎಂದಳು ಧನಲಕ್ಷ್ಮಿ.

"ಮನೇಲಿ ಜೀಪ್ ಇಟ್ಕೊಂಡು ಕ್ಯಾಬಾ? ಧನು, ನನ್ನ ಮಾನದ ಪ್ರಶ್ನೆ!"

"ಅಮ್ಮನ ಸೊಂಟದ ಪ್ರಶ್ನೆ ರೀ. ಹೋದ ಸಲ ಲಿಂಗರಾಜಪುರಕ್ಕೆ ಕರ್ಕೊಂಡು ಹೋದ್ರಲ್ಲ, ವಾರ ಪೂರ್ತಿ ಅಮ್ಮ ಮಲಗಿದ ಕಡೆಯಿಂದ ಏಳ್ಲಿಲ್ಲ."

"ಅದು ಹಳೇ ಸಸ್ಪೆನ್ಷನ್. ಹೊಸಾದು ಹಾಕಿಸಿದ ಮೇಲೆ ತೊಟ್ಟಿಲು ಕಣೇ, ತೊಟ್ಟಿಲು! ಚಕ್ರ ಹಳ್ಳಕ್ಕೆ ಇಳಿದ್ರೂ ಒಳಗೆ ಕೂತೋರಿಗೆ ಗೊತ್ತಾಗಲ್ಲ."

ಧನಲಕ್ಷ್ಮಿ ಅವರೆಕಾಳಿನ ಬಟ್ಟಲು ಪಕ್ಕಕ್ಕಿಟ್ಟು ಗಂಡನನ್ನು ದಿಟ್ಟಿಸಿ ನೋಡಿದಳು. "ಸರಿ. ಒಂದು ಷರತ್ತು. ಕೆ.ಆರ್. ಪುರದಲ್ಲಿ ಅಮ್ಮ ನಗ್ತಾ ಜೀಪ್ ಇಳಿದ್ರೆ ಜೀಪ್ ನಮ್ಮನೇಲಿ. ಅಳ್ತಾ ಇಳಿದ್ರೆ ಜೀಪ್ ದುರ್ಗೇಶನ ಮನೇಲಿ."

ಪ್ರೇಮ್‌ಕುಮಾರನ ಎದೆ ಧಸಕ್ಕೆಂದಿತು. ದುರ್ಗೇಶ ಪಕ್ಕದ ಬೀದಿಯವನು. ಮದುವೆಗೆ ಮುಂಚಿನ ಫೋಟೋ ಶೂಟ್‌ಗಳಿಗೆ ಹಳೇ ಸ್ಕೂಟರು, ಹಳೇ ಕಾರು, ಬಣ್ಣದ ಛತ್ರಿ ಎಲ್ಲ ಬಾಡಿಗೆಗೆ ಕೊಡುವವನು. ಕಂಡಾಗಲೆಲ್ಲ "ಅಣ್ಣಾ, ಜೀಪ್ ಕೊಡೋ ಹಾಗಿದ್ರೆ ನನಗೇ ಮೊದ್ಲು ಹೇಳ್ಬೇಕು" ಎಂದು ಬಾನೆಟ್ ಸವರಿ ಹೋಗುತ್ತಿದ್ದ. ತನ್ನ ಜೀಪಿನ ಬಾನೆಟ್ ಮೇಲೆ ಯಾರೋ ಮದುಮಗ ಕನ್ನಡಕ ಹಾಕಿಕೊಂಡು ಒರಗಿ ನಿಲ್ಲುವ ಚಿತ್ರ ಪ್ರೇಮ್‌ಕುಮಾರನಿಗೆ ಸಹಿಸಲಾಗದ ಸಂಕಟ. ಆದರೂ ಬಾಯಿ ಸುಮ್ಮನಿರಬೇಕಲ್ಲ?

"ಒಪ್ಪಿದೆ!" ಎಂದುಬಿಟ್ಟ.

ಮಾರನೆಯ ದಿನವೇ ಜೀಪ್ ಶಿವಾಜಿನಗರದ ಹಾಶಿಮನ ಗ್ಯಾರೇಜಿನಲ್ಲಿತ್ತು. ಹಾಶಿಮ್ ಸಾಮಾನ್ಯ ಮೆಕ್ಯಾನಿಕ್ ಅಲ್ಲ. ಆಗುವುದಿಲ್ಲ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಏನು ಹೇಳಿದರೂ "ಹೋ ಜಾತಾ ಸಾಬ್" ಎನ್ನುತ್ತಿದ್ದ. ಆಮೇಲೆ ಏನಾದರೂ ಒಂದು ಆಗಿಯೇ ಆಗುತ್ತಿತ್ತು.

ಮೊದಲು ಜೀಪಿನ ಹಿಂಭಾಗದ ಭಾರ ಹೊರುವ ಕಮಾನ್ ಪಟ್ಟಿಗಳಲ್ಲಿ ಎರಡನ್ನು ಕಿತ್ತು ಪಕ್ಕಕ್ಕಿಟ್ಟರು. ಮೆತ್ತಗಾಗಲಿ ಎಂದು. ಉಳಿದ ಪಟ್ಟಿಗಳಿಗೆ ದೋಸೆಗೆ ಬೆಣ್ಣೆ ಹಚ್ಚಿದ ಹಾಗೆ ಗ್ರೀಸ್ ಬಳಿದರು. ಜಾರಲಿ ಎಂದು. ಇನ್ನು ಉಳಿದದ್ದು ಶಾಕ್ ಅಬ್ಸಾರ್ಬರ್. ಹಳೆಯದು ಗಿಡ್ಡ, ಚಕ್ರವನ್ನು ಕೆಳಗಿಳಿಯಲು ಬಿಡದೆ ಹಿಡಿದಿಟ್ಟುಕೊಳ್ಳುತ್ತಿದ್ದ ಅಪರಾಧಿ ಅದೇ. ಇಬ್ಬರೂ ಗುಜರಿ ಸಾಲಿಗೆ ಹೋಗಿ ಹುಡುಕಿದರು. ಯಾವುದೋ ದೊಡ್ಡ ಲಾರಿಯ ಜೊತೆ ಬಾಳಿ ಬದುಕಿದ್ದ ಒಂದು ಜೋಡಿ ಸಿಕ್ಕಿತು. ಒಂದೊಂದೂ ಒನಕೆಯಷ್ಟಿತ್ತು.

ಹಾಶಿಮನಿಗೇ ಅನುಮಾನ ಬಂತು. "ಸಾಬ್, ಇದು ಬಹುತ್ ಲಂಬಾ ಆಯ್ತು. ನಿಮ್ ಗಾಡಿಗೆ ಇಷ್ಟು ಯಾಕೆ?"

ಆಗ ಪ್ರೇಮ್‌ಕುಮಾರ್ ತನ್ನ ವೃತ್ತಿಜೀವನದ ಸಾರವನ್ನೆಲ್ಲ ಒಂದೇ ಉಸಿರಿಗೆ ಧಾರೆಯೆರೆದ. "ನೋಡು ಹಾಶಿಮ್, ನಾನು ಮಕ್ಕಳ ಪ್ಯಾಂಟ್ ಮಾರೋನು. ಜೂನಲ್ಲಿ ತಗೊಂಡಿದ್ದು ಮಾರ್ಚ್‌ವರೆಗೂ ಬರ್ಬೇಕು. ಉದ್ದ ಇದ್ರೆ ಮಡಚಿ ಹೊಲೀಬಹುದು. ಗಿಡ್ಡ ಆದ್ರೆ ಏನ್ ಮಾಡ್ತೀಯ? ಬಟ್ಟೆ ಎಲ್ಲಿಂದ ತರ್ತೀಯ?"

ಹಾಶಿಮನ ಕಣ್ಣರಳಿತು. "ಕ್ಯಾ ಬಾತ್ ಬೋಲೆ ಸಾಬ್! ನಮ್ ಹುಡುಗಂದು ಪ್ಯಾಂಟ್ ನೋಡ್ಬೇಕು ನೀವು, ಆಗ್ಲೇ ಮೊಣಕಾಲಿಗೆ ಬಂದ್ಬಿಟ್ಟೈತೆ! ಲಂಬಾನೇ ಹಾಕಣ!"

ಶಾಕ್ ಅಬ್ಸಾರ್ಬರ್ ಪ್ಯಾಂಟಲ್ಲ ಎಂಬ ಸರಳ ಸತ್ಯ ಆ ಹೊತ್ತಿನಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ಅದು ಒಂದರೊಳಗೊಂದು ಕೂತ ಎರಡು ಕಬ್ಬಿಣದ ಕೊಳವೆ. ಎಳೆದರೆ ಉದ್ದವಾಗುತ್ತದೆ, ಒತ್ತಿದರೆ ಒಂದು ಮಿತಿಯ ತನಕ ಗಿಡ್ಡವಾಗುತ್ತದೆ. ಆ ಮಿತಿ ಮುಟ್ಟಿದ ಮೇಲೆ ಅದನ್ನು ಮಡಚಿ ಹೊಲಿಯಬಲ್ಲ ದರ್ಜಿ ಇನ್ನೂ ಹುಟ್ಟಿಲ್ಲ! ಈಗ ಈ ಮಾತನ್ನು ಪ್ರೇಮ್‌ಕುಮಾರನೇ ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಾನೆ. ಆಗ ನಗಲಿಲ್ಲ. ಆಗ ಅವನು ಇಂಜಿನಿಯರಾಗಿದ್ದ.

ಉದ್ದನೆಯ ಶಾಕ್ ಅಬ್ಸಾರ್ಬರ್ ನೇರವಾಗಿ ಕೂರಲಿಲ್ಲ. ಜಾಕ್ ಕೊಟ್ಟು ಜೀಪಿನ ಹಿಂಭಾಗವನ್ನು ಮೇಲೆತ್ತಿ, ಚಕ್ರಗಳನ್ನು ಜೋತುಬಿಟ್ಟು, ಹಾಶಿಮ್ ಬೈದು, ಪ್ರೇಮ್‌ಕುಮಾರ್ ನೂಕಿ, ಅಂತೂ ಕೂರಿಸಿದರು. ಕೆಳಗಿಳಿಸಿದಾಗ ಜೀಪ್ ಹಿಂಭಾಗ ಎತ್ತಿಕೊಂಡೇ ನಿಂತಿತು.

"ನೋಡು, ಎಷ್ಟು ಎತ್ತರ ಬಂತು!" ಎಂದು ಪ್ರೇಮ್‌ಕುಮಾರ್ ಪುಳಕಿತನಾದ. ಅದು ಎತ್ತರವಲ್ಲ, ಎರಡು ಕೊಳವೆಗಳು ಉಸಿರು ಕಟ್ಟಿಕೊಂಡು ಜೀಪನ್ನು ಹೊತ್ತು ನಿಂತಿವೆ ಎಂದು ತಿಳಿಯಲು ಇನ್ನೂ ಮೂರು ದಿನ ಬಾಕಿ ಇತ್ತು.

ಸಂಜೆ ಮನೆಯ ಮುಂದೆ ಪ್ರದರ್ಶನ. ಬೀದಿಯವರೆಲ್ಲ ಸೇರಿದರು. ಪ್ರೇಮ್‌ಕುಮಾರ್ ಜಾಕ್ ಕೊಟ್ಟು ಜೀಪನ್ನು ಏರಿಸಿದ, ಏರಿಸಿದ, ಏರಿಸುತ್ತಲೇ ಹೋದ. ಮೈ ಮೇಲಕ್ಕೆ ಹೋದರೂ ಹಿಂಚಕ್ರ ಮಾತ್ರ ನೆಲ ಬಿಡಲೊಲ್ಲದು! ಜನ ಚಪ್ಪಾಳೆ ತಟ್ಟಿದರು. ದುರ್ಗೇಶ ಶಿಳ್ಳೆ ಹೊಡೆದು "ಅಣ್ಣಾ, ಸೂಪರ್! ಈ ಜೀಪ್ ನಂದೇ" ಎಂದ. ಮುನಿವೆಂಕಟಮ್ಮ ಕಿಟಕಿಯಿಂದ ನೋಡಿ, "ಏನೋಪ್ಪ, ಕಾಲು ಉದ್ದ ಆಗೈತೆ" ಎಂದು ಒಳಗೆ ಹೋದರು. ಚಕ್ರ ಕೆಳಗಿಳಿಯುವುದನ್ನು ಎಲ್ಲರೂ ನೋಡಿದರು. ಅದು ಮೇಲೆ ಹೋಗುತ್ತದೆಯೇ ಎಂದು ಕೇಳುವ ಬುದ್ಧಿ ಒಬ್ಬರಿಗೂ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಸವಾರಿ ಹೊರಟಿತು. ಜೀಪಿನ ಹಿಂದೆ ಎದುರುಬದುರಾಗಿ ಎರಡು ಬೆಂಚು. ಒಂದರಲ್ಲಿ ಪಟ್ಟೆಸೀರೆಯ ಮುನಿವೆಂಕಟಮ್ಮ, ಮಡಿಲಲ್ಲಿ ಪುಳಿಯೋಗರೆ, ಪಕ್ಕದಲ್ಲಿ ಕಾಯಿ ಅನ್ನ ಮತ್ತು ಬೆಲ್ಲದನ್ನ. ಇನ್ನೊಂದರಲ್ಲಿ ಧನಲಕ್ಷ್ಮಿ, ಮಡಿಲಲ್ಲಿ ಮೊಸರನ್ನ, ಪಕ್ಕದಲ್ಲಿ ಚಿತ್ರಾನ್ನ.

"ಒಂದೆರಡು ಪಾತ್ರೆ ಕಾಲ ಹತ್ರ ಕೆಳಗೆ ಇಡ್ರಮ್ಮ," ಎಂದ ಪ್ರೇಮ್‌ಕುಮಾರ್.

"ಜೀಪಿನ ನೆಲಾನೂ ನೆಲಾನೇ ಅಳಿಯಂದ್ರೆ," ಎಂದು ಮುನಿವೆಂಕಟಮ್ಮ ತೀರ್ಪು ಕೊಟ್ಟರು.

ಇಬ್ಬರು ಹೆಂಗಸರು, ಐದು ಪಾತ್ರೆ. ಅಷ್ಟು ಭಾರ ಬಿದ್ದದ್ದೇ ಶಾಕ್ ಅಬ್ಸಾರ್ಬರುಗಳಲ್ಲಿ ಉಳಿದಿದ್ದ ಕೊನೆಯ ಒಂದಿಷ್ಟು ಜಾಗವೂ ಮುಗಿದುಹೋಯಿತು. ಈಗ ಹಿಂಚಕ್ರಕ್ಕೂ ಬೆಂಚಿಗೂ ನಡುವೆ ಇದ್ದದ್ದು ಗಟ್ಟಿ ಕಬ್ಬಿಣ. ಚಕ್ರಕ್ಕೆ ಆದದ್ದೆಲ್ಲ ನೇರವಾಗಿ ಮುನಿವೆಂಕಟಮ್ಮನವರಿಗೆ ತಲುಪುವ ವ್ಯವಸ್ಥೆ!

ಹಲಸೂರು ಮೆಟ್ರೋ ದಾಟುವ ಮೊದಲೇ ಹಿಂದಿನಿಂದ "ಅಯ್ಯಪ್ಪಾ!" ಎಂಬ ಉದ್ಗಾರ ಕೇಳಿತು.

"ಅಳಿಯಂದ್ರೆ, ಬಂಡೆ ಮೇಲೆ ಹತ್ತಿಸಿದ್ರಾ?"

"ಇಲ್ಲಮ್ಮ, ಜೀಬ್ರಾ ಕ್ರಾಸಿಂಗು."

"ಹಂಗಂದ್ರೆ?"

"ರಸ್ತೆಗೆ ಬಳಿದಿರೋ ಬಿಳಿ ಬಣ್ಣಮ್ಮ."

ಆ ಬಣ್ಣದ ಒಂದೊಂದು ಪಟ್ಟೆಯನ್ನೂ ತಾನು ಎಣಿಸಬಲ್ಲೆ ಎಂದು ಧನಲಕ್ಷ್ಮಿ ಹಲ್ಲು ಕಚ್ಚಿಕೊಂಡು ಹೇಳಿದಳು. ಇಂದಿರಾನಗರ ದಾಟಿತು. ಬೈಯಪ್ಪನಹಳ್ಳಿ ಹತ್ತಿರ ನಿಜವಾದ ಹಂಪು ಬಂತು. ಪ್ರೇಮ್‌ಕುಮಾರ್ ಅದನ್ನು ನೋಡಿದ. ಆದರೆ ಟ್ರಾವೆಲ್ ಹೆಚ್ಚಿಸಿದ ಜೀಪಿಗೆ ಹಂಪಿನ ಹಂಗೇಕೆ? ಬ್ರೇಕ್ ಮುಟ್ಟಲಿಲ್ಲ.

ಢಮಾರ್!

ಮುನಿವೆಂಕಟಮ್ಮ, ಧನಲಕ್ಷ್ಮಿ ಮತ್ತು ಐದು ಬಗೆ ಅನ್ನ ಒಟ್ಟಿಗೇ ಮೇಲಕ್ಕೆ ಹೋದರು. ಕಟ್ಟಿದ ಬಟ್ಟೆಗಳು ಬಿಚ್ಚಿದವು, ಮುಚ್ಚಳಗಳು ಹಾರಿದವು. ಹೋದದ್ದೆಲ್ಲ ಕೆಳಗೆ ಬಂತು, ಅದು ನಿಜ. ಯಾವ ಅನ್ನ ಯಾವ ಪಾತ್ರೆಯಿಂದ ಹೊರಟಿತ್ತು ಎಂಬ ಶಿಸ್ತು ಮಾತ್ರ ಉಳಿಯಲಿಲ್ಲ. ಬೆಲ್ಲದನ್ನ ಪುಳಿಯೋಗರೆಗೆ ಬಂತು, ಕಾಯಿ ಅನ್ನ ಮೊಸರಿಗೆ ಬಿತ್ತು, ಚಿತ್ರಾನ್ನ ಎಲ್ಲ ಕಡೆಯೂ ಹಂಚಿಹೋಯಿತು. ಮೊಸರನ್ನದ ಒಂದು ಹಿಡಿ ಮುಂದೆ ಹಾರಿ ಪ್ರೇಮ್‌ಕುಮಾರನ ಕತ್ತಿನ ಹಿಂದೆ ತಣ್ಣಗೆ ನೆಲೆಸಿತು.

"ರೀ! ಇದೇನಾ ತೊಟ್ಟಿಲು?"

"ಹೊಸಾದಲ್ವಾ ಧನು, ಸೆಟ್ ಆಗ್ಬೇಕು..."

ಸೆಟ್ ಆಗಿಯೇಬಿಟ್ಟಿತು. ಟಿನ್ ಫ್ಯಾಕ್ಟರಿಗೆ ಸ್ವಲ್ಪ ಮುಂಚೆ ಒಂದು ಹಳ್ಳ ಬಂತು. ಎಡಗಡೆ "ಟಣ್" ಎಂದಿತು. ಇನ್ನೊಂದು ಹಳ್ಳ ಬಂತು. ಬಲಗಡೆಯೂ "ಟಣ್" ಎಂದಿತು. ಎರಡೂ ಶಾಕ್ ಅಬ್ಸಾರ್ಬರುಗಳು ತಮ್ಮ ಕೊಕ್ಕೆ ಕಿತ್ತುಕೊಂಡು ನೇತಾಡತೊಡಗಿದವು. ತಕ್ಷಣ ಜೀಪ್ ಮೆತ್ತಗಾಯಿತು. ಆಹಾ, ಎಂಥ ಮೆತ್ತಗೆ! ಕುಕ್ಕುವುದು ನಿಂತಿತು, ಸದ್ದು ನಿಂತಿತು.

"ನೋಡಿದ್ರಾ? ನಾನು ಹೇಳ್ಲಿಲ್ವಾ?" ಎಂದು ಪ್ರೇಮ್‌ಕುಮಾರ್ ಗೆದ್ದವನಂತೆ ತಿರುಗಿ ನೋಡಿದ.

ತಿರುಗಿದವನಿಗೆ ಅತ್ತೆ ಕಾಣಲಿಲ್ಲ. ಮರುಕ್ಷಣ ಕಂಡರು. ಮತ್ತೆ ಕಾಣಲಿಲ್ಲ. ಹಿಡಿದು ನಿಲ್ಲಿಸುವ ಶಾಕ್ ಅಬ್ಸಾರ್ಬರ್ ಇಲ್ಲ, ಇರುವ ಪಟ್ಟಿಗಳಿಗೆ ಬೆಣ್ಣೆಯಂಥ ಗ್ರೀಸ್. ಜೀಪಿನ ಹಿಂಭಾಗ ಏಳುತ್ತಿತ್ತು, ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ಟ್ರಾವೆಲ್ ಎಂದರೆ ಇದಲ್ಲವೇ! ಬೇಕಾದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು.

"ನಿಲ್ಸಪ್ಪಾ! ಹೊಟ್ಟೆಯೆಲ್ಲ ತೊಳಸ್ತೈತೆ, ನಿಲ್ಸು!" ಎಂದು ಮುನಿವೆಂಕಟಮ್ಮ ಕೂಗಿದರು. ಅಳಿಯಂದ್ರೆ ಎನ್ನುವ ಮರ್ಯಾದೆಯೂ ಆ ಹೊತ್ತಿಗೆ ಉದುರಿಹೋಗಿತ್ತು.

"ನಿಂತಿದ್ದೀವಮ್ಮ! ಸಿಗ್ನಲಲ್ಲಿ ನಿಂತೇ ಇದ್ದೀವಿ!"

ನಿಂತಿದ್ದು ನಿಜ. ಸಿಗ್ನಲ್ ಕೆಂಪಾಗಿತ್ತು, ಇಂಜಿನ್ ಕೂಡ ಆರಿತ್ತು. ಜೀಪಿನ ಹಿಂಭಾಗ ಮಾತ್ರ ಕೆ.ಆರ್. ಪುರದ ತೂಗುಸೇತುವೆಗೆ ಮೇಲಿಂದ ಮೇಲೆ ನಮಸ್ಕಾರ ಮಾಡುತ್ತಲೇ ಇತ್ತು. ಬೈಕಿನವರು ಮೊಬೈಲ್ ತೆಗೆದರು.

ಮುನಿವೆಂಕಟಮ್ಮ ಪುಳಿಯೋಗರೆ ಎದೆಗವಚಿಕೊಂಡು ರಸ್ತೆಗಿಳಿದೇಬಿಟ್ಟರು. ಹಿಂದೆಯೇ ಧನಲಕ್ಷ್ಮಿ. ಇಳಿದ ಮೇಲೆ ಫಜೀತಿ ಅರ್ಥವಾಯಿತು. ಐದು ಪಾತ್ರೆ, ಇಬ್ಬರು ಹೆಂಗಸರು, ಕುಣಿಯುವ ಬೆಂಚಿನ ಮೇಲೆ ಬಿಡುವಂತಿಲ್ಲ, ಕೆಳಗಿಡುವಂತಿಲ್ಲ! ಸಂಚಾರಿ ಪೊಲೀಸನೊಬ್ಬ ಸೀಟಿ ಊದುತ್ತಾ ಓಡಿಬಂದ.

"ಏನ್ರೀ ಇದು, ನಡುರಸ್ತೇಲಿ? ಗಾಡಿ ತೆಗೀರಿ!"

"ಬಾಪ್ಪ, ಒಳ್ಳೇ ಟೈಮಿಗೆ ಬಂದೆ. ಇದನ್ನ ಒಸಿ ಹಿಡ್ಕೋ," ಎಂದು ಮುನಿವೆಂಕಟಮ್ಮ ಮಗಳ ಕೈಯಲ್ಲಿದ್ದ ಮೊಸರನ್ನದ ಪಾತ್ರೆಯನ್ನು ಅವನ ಕೈಗಿತ್ತರು. "ನೆಲಕ್ಕಿಡಂಗಿಲ್ಲ. ಬಸುರಿ ಹುಡುಗೀದು."

ಬಸುರಿ ಎಂಬ ಮಾತು ಕೇಳಿದ್ದೇ ಪೊಲೀಸ್ ಎರಡೂ ಕೈಯಲ್ಲಿ ಪಾತ್ರೆ ಹಿಡಿದು ಮೆತ್ತಗಾದ. ಆಟೋದವರಿಬ್ಬರು ಇಳಿದು ಬಂದು ಒಬ್ಬ ಕಾಯಿ ಅನ್ನ, ಇನ್ನೊಬ್ಬ ಚಿತ್ರಾನ್ನ ಹಿಡಿದರು. "ಪಾತ್ತು ಪುಡಿಪ್ಪಾ," ನೋಡಿಕೊಂಡು ಹಿಡಿ ಎಂದು ಒಬ್ಬ ಇನ್ನೊಬ್ಬನನ್ನು ತಮಿಳಿನಲ್ಲಿ ಎಚ್ಚರಿಸಿದ. ಹಸಿರು ದೀಪ ಬಂದಾಗ ಪೊಲೀಸ್ ಬಾಯಲ್ಲಿ ಸೀಟಿ, ಕೈಯಲ್ಲಿ ಮೊಸರನ್ನ, ಬರೀ ಗದ್ದದಿಂದಲೇ ಇಡೀ ಟಿನ್ ಫ್ಯಾಕ್ಟರಿಯ ವಾಹನಗಳಿಗೆ ದಾರಿ ತೋರಿದ. ನಡುವೆ ಪ್ರೇಮ್‌ಕುಮಾರ್ ಒಬ್ಬನೇ ಕತ್ತಿನ ಮೊಸರು ಒರೆಸಿಕೊಳ್ಳುತ್ತಾ ಜೀಪನ್ನು ಬದಿಗೆ ನೂಕುತ್ತಿದ್ದ. ಒಬ್ಬರೂ ಕೈ ಜೋಡಿಸಲಿಲ್ಲ. ಎಲ್ಲರ ಕೈಯಲ್ಲೂ ಅನ್ನ!

ಕೊನೆಗೆ ಹೆಂಗಸರು ಒಂದು ಆಟೋದಲ್ಲಿ, ಪ್ರೇಮ್‌ಕುಮಾರ್ ಮೊಸರನ್ನವನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಇನ್ನೊಂದು ಆಟೋದಲ್ಲಿ ಕೆ.ಆರ್. ಪುರ ತಲುಪಿದರು. ಮೂರು ಚಕ್ರದ ಆ ಆಟೋ ಹಂಪುಗಳ ಮೇಲೆ ನೀರು ಹರಿದಂತೆ ಹರಿದುಹೋಯಿತು. ಅದರ ಸಸ್ಪೆನ್ಷನ್ ಬಗ್ಗೆ ವಿಚಾರಿಸುವ ಧೈರ್ಯ ಪ್ರೇಮ್‌ಕುಮಾರನಿಗೆ ಬರಲಿಲ್ಲ.

ಹಂಸಳ ಮುಂದೆ ಎಲೆ ಹಾಕಿದರು. ಬೀಗರ ಕಡೆಯ ಹೆಂಗಸರೆಲ್ಲ ಸುತ್ತ ಕೂತಿದ್ದರು. ಧನಲಕ್ಷ್ಮಿ ಯಾರ ಮುಖವನ್ನೂ ನೋಡದೆ ಮುಚ್ಚಳ ತೆಗೆದಳು. ಹೊರಗೆ ಕಂಬದ ಮರೆಯಲ್ಲಿ ನಿಂತ ಪ್ರೇಮ್‌ಕುಮಾರನಿಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು. ತನ್ನ ಹುಚ್ಚಿಗೆ ತವರಿನ ಮರ್ಯಾದೆ ಹೋಗುತ್ತದಲ್ಲ ಎಂದು ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಐದೂ ಪಾತ್ರೆಯಿಂದ ಐದು ಸಲ ಒಂದೇ ಅನ್ನ ಬಿತ್ತು. ಹಂಸ ಒಂದು ತುತ್ತು ಬಾಯಿಗಿಟ್ಟಳು. ಸಿಹಿ, ಹುಳಿ, ಖಾರ, ಮೊಸರು ಎಲ್ಲ ಒಟ್ಟಿಗೇ ಬಂದವು. ಕಣ್ಣು ಮುಚ್ಚಿದಳು.

"ಅಮ್ಮಾ, ತಿಂಗಳಿಂದ ನಂಗೇನೋ ತಿನ್ಬೇಕು ಅನ್ನಿಸ್ತಿತ್ತು, ಏನು ಅಂತ ಗೊತ್ತಾಗ್ತಿರ್ಲಿಲ್ಲ. ಇದೇ ಕಣಮ್ಮ ಅದು! ಇನ್ನೊಂಚೂರು ಹಾಕು!"

ಹಂಸಳ ಅತ್ತೆಯೂ ಒಂದು ಚೂರು ಬಾಯಿಗೆ ಹಾಕಿಕೊಂಡರು. "ಚೆನ್ನಾಗೈತಲ್ಲ! ನಿಮ್ ಕಡೆ ಹಿಂಗೆ ಮಾಡ್ತಾರಾ? ಹೆಂಗೆ ಕಲಸ್ಬೇಕು ಇದನ್ನ?"

ಮುನಿವೆಂಕಟಮ್ಮ ಕಂಬದ ಕಡೆ ಒಂದು ನೋಟ ಬೀರಿ, ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿದರು: "ಅದು ನಮ್ ಕೈಲಿ ಆಗಲ್ಲ. ನಮ್ ಅಳಿಯಂದ್ರೇ ಕಲಸ್ಬೇಕು."

ಮರ್ಯಾದೆಯೇನೋ ಉಳಿಯಿತು. ಜೀಪು? ಎಳೆದು ತಂದು ಮನೆಯ ಮುಂದೆ ನಿಲ್ಲಿಸಿದ ಸಂಜೆಯೇ ವಿಚಾರಣೆ ನಡೆಯಿತು.

"ಷರತ್ತು ನೆನಪಿದೆಯಲ್ಲ?" ಎಂದಳು ಧನಲಕ್ಷ್ಮಿ.

"ಇದೆ. ಅಳ್ತಾ ಇಳಿದ್ರೆ ಅಂತ ಇತ್ತು. ಅಮ್ಮ ಅಳ್ಲಿಲ್ಲ. ಬೈತಾ ಇಳಿದ್ರು. ಬೈಯೋದು ಷರತ್ತಲ್ಲಿ ಇರ್ಲಿಲ್ಲ ಧನು!"

"ಅಮ್ಮಾ, ಅಳ್ಬೇಕಂತೆ ನೀನು. ಈಗಾದ್ರೂ ಅಳ್ತೀಯಾ?"

"ಅದಕ್ಕೇನಮ್ಮ? ಕುಂತ್ಕೊಳಕ್ಕಾಗ್ತಿಲ್ಲ, ನಿಂತ್ಕೊಂಡೇ ಅಳ್ತೀನಿ ಬೇಕಾದ್ರೆ," ಎಂದು ಒಳಗಿನಿಂದ ಮುನಿವೆಂಕಟಮ್ಮ ದನಿಗೂಡಿಸಿದರು.

ವಾದ ಅಲ್ಲಿಗೆ ಮುಗಿಯಿತು. ಮಾರನೆಯ ಬೆಳಿಗ್ಗೆ ಪ್ರೇಮ್‌ಕುಮಾರ್ ಕೊನೆಯ ಬಾರಿ ಎಂದುಕೊಂಡು ಜೀಪ್ ತೊಳೆದ. ಬೆಂಚಿನ ಸಂದಿಯಿಂದ ಅನ್ನದ ಅಗುಳು ಆರಿಸಿದ. ಎಷ್ಟು ಕ್ವಾರಿ, ಎಷ್ಟು ಕೆಸರು, ಎಷ್ಟು ಭಾನುವಾರ! ಮಕ್ಕಳ ಪ್ಯಾಂಟಿನ ಅಳತೆಯ ಆಚೆಗೂ ತನಗೊಂದು ಬದುಕಿದೆ ಎಂದು ಅನ್ನಿಸುತ್ತಿದ್ದದ್ದು ಇದರ ಸ್ಟೇರಿಂಗ್ ಹಿಡಿದಾಗ ಮಾತ್ರ.

ದುರ್ಗೇಶ ಹಲ್ಲು ಕಿರಿಯುತ್ತಾ ಬಂದ. ಬಾನೆಟ್ ಸವರಿದ. ಆಮೇಲೆ ಹಿಂದಿನ ಬೆಂಚಿಗೆ ಹತ್ತಿ ಕೂತ. ಕೂತದ್ದೇ ತಡ, ಜೀಪ್ ಅವನನ್ನು ಮೇಲೆತ್ತಿತು, ಇಳಿಸಿತು, ಮತ್ತೆ ಮೇಲೆತ್ತಿತು. ದುರ್ಗೇಶನ ಮುಖ ಪೆಚ್ಚಾಯಿತು. ಅದು ನಿಲ್ಲುವುದನ್ನು ಕಾದು, ಕಂಬಿ ಹಿಡಿದುಕೊಂಡು ಹುಷಾರಾಗಿ ಇಳಿದ.

"ಅಣ್ಣಾ, ಬೇಜಾರ್ ಮಾಡ್ಕೋಬೇಡಿ. ಇದ್ರಲ್ಲಿ ಗಂಡು ಹೆಣ್ಣು ಜೊತೆಗೆ ಕೂರಿಸಿದ್ರೆ ಮದುವೆಗೆ ಮುಂಚೇನೇ ಡೈವೋರ್ಸ್ ಆಗೋಗತ್ತೆ. ನಂಗೆ ಬೇಡ."

"ರಿಪೇರಿ ಮಾಡಿಸ್ಕೋ ಗುರು," ಎಂದು ಪ್ರೇಮ್‌ಕುಮಾರ್ ಬಾಯಿಮಾತಿಗೆ ಹೇಳಿದ. ಎದೆಯೊಳಗೆ ತಮಟೆ ಬಾರಿಸುತ್ತಿತ್ತು.

"ಅದು ಮುಂಚೆ ಹೆಂಗಿತ್ತೋ ಹಂಗೇ ಇದ್ದಿದ್ರೆ ತಗೋತಿದ್ದೆ ಅಣ್ಣಾ. ನೀವು ಕೈ ಹಾಕಿದ್ಮೇಲೆ ಇನ್ನ್ಯಾರೂ ತಗೊಳಲ್ಲ ಬಿಡಿ." ದುರ್ಗೇಶ ಹೊರಟೇಹೋದ.

ಪ್ರೇಮ್‌ಕುಮಾರ್ ಎರಡೆರಡು ಮೆಟ್ಟಿಲು ಹಾರಿ ಮನೆಯೊಳಗೆ ನುಗ್ಗಿದ. ಸಂತೋಷ ಮೈಯಲ್ಲಿ ಹಿಡಿಸಲಿಲ್ಲ. ಎಂಥ ಗೆಲುವು!

"ಧನೂ! ದುರ್ಗೇಶ ಬೇಡ ಅಂದ! ಯಾರೂ ತಗೊಳಲ್ವಂತೆ ಕಣೇ! ಇನ್ನು ಮಾರೋ ಪ್ರಶ್ನೇನೇ ಇಲ್ಲ, ನಾವೇ ಇಟ್ಕೋಬೇಕು!"

ಧನಲಕ್ಷ್ಮಿ ಅವನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದಳು. ಗ್ರೀಸ್ ಮೆತ್ತಿದ ಅಂಗಿ, ಕಿವಿಯ ಹಿಂದೆ ಅಂಟಿಕೊಂಡಿದ್ದ ಒಂದು ಒಣಗಿದ ಅಗುಳು, ಮುಖದ ತುಂಬ ನಗು.

"ಇರ್ಲಿ ಬಿಡ್ರೀ," ಎಂದಳು. "ಬೇರೆ ಯಾರೂ ತಗೊಳ್ದೇ ಇರೋದನ್ನ ಇಟ್ಕೊಂಡು ಸಂಸಾರ ಮಾಡೋದು ನನಗೇನು ಹೊಸದಾ?"